ಪತ್ತೆಯತ್ತೆ ಮತ್ತು ತೂಗುಬಿದ್ದ ಛಾವಣಿ

"ಮುಟ್ಟಬೇಡಿ ಮೇಡಂ! ಅದನ್ನ ಎತ್ತೋಕೆ ಲೈಸೆನ್ಸ್ ಬೇಕು!"

ಪತ್ತೆಯತ್ತೆ ಬಗ್ಗಿದವರು ಬಗ್ಗಿದಂತೆಯೇ ಕತ್ತೆತ್ತಿದರು. ಕೈಯಲ್ಲಿದ್ದದ್ದು ಕೆಳಗೆ ಬಿದ್ದ ಸೀಲಿಂಗಿನ ಒಂದು ಚೂರು, ತಟ್ಟೆಯಷ್ಟಗಲ.

"ಇದನ್ನ ಎತ್ತೋಕಾ?"

"ಹೂಂ ಮತ್ತೆ. ಒಡೆಯೋದು, ಒಡೆದಿದ್ದನ್ನ ಎತ್ತೋದು, ಎರಡೂ ಕೆಡವೋರ ಲೈಸೆನ್ಸಿಗೆ ಬರುತ್ತೆ. ನಂದು ಸೀಲಿಂಗ್ ಲೈಸೆನ್ಸು. ಮೇಲೆ ಇರೋ ತನಕ ನಂದು. ಕೆಳಗೆ ಬಿತ್ತು ಅಂದ್ರೆ ನಂದಲ್ಲ."

ಹೀಗೆ ಹೇಳಿ ಕೈ ತೊಳೆದುಕೊಂಡವರು ಸೀಲಿಂಗ್ ಸಾಹುಕಾರರು. ಈ ಹೊಸ ಸಭಾಂಗಣದ ಫಾಲ್ಸ್ ಸೀಲಿಂಗಿನ ಗುತ್ತಿಗೆ ಅವರದು. ಅವರ ಪಕ್ಕದಲ್ಲಿ ನಿಂತು ತಲೆಯಾಡಿಸಿದವನು ಗಾಳಿಯಣ್ಣ. ಎಸಿ ಹಾಕುವುದು, ಅದರ ಗಾಳಿ ಹರಿಯುವ ತಗಡಿನ ಡಕ್ಟ್ ಎಳೆಯುವುದು ಅವನ ಗುತ್ತಿಗೆ. ಅವನ ಮಾತಿನಲ್ಲೂ ಅದೇ ಸರಕು.

"ಕೆಡವೋರನ್ನ ಕರೆಸಿ ಹಾಗಾದ್ರೆ," ಎಂದರು ಪತ್ತೆಯತ್ತೆ.

"ಕರೆಸಿದ್ವಿ. ಕಟ್ಟಡ ಆದ್ರೆ ಬರ್ತಾರಂತೆ. ಇದು ಕಸ ಅಂತೆ. ಕಸದವರ ಲೈಸೆನ್ಸು ಬೇರೆ."

ಪತ್ತೆಯತ್ತೆ ಚೂರನ್ನು ನಿಧಾನವಾಗಿ, ಅದಕ್ಕೆ ನೋವಾಗದ ಹಾಗೆ, ಎತ್ತಿದ ಜಾಗದಲ್ಲೇ ಇಟ್ಟರು. ನೋವಾಗಬೇಕಾದವರು ಎದುರಿಗೆ ನಿಂತಿದ್ದರು.

ಪತ್ತೆದಾರಿಕೆ ಅವರ ಕಸುಬು. ಅತ್ತೆ ಅನ್ನುವುದು ಪದವಿ. ಮಗಳ ಮದುವೆಯಾದ ದಿನದಿಂದ ಎರಡೂ ಸೇರಿ ಊರಿನ ಬಾಯಲ್ಲಿ ಪತ್ತೆಯತ್ತೆ ಆಗಿದ್ದರು. ಇಷ್ಟು ವರ್ಷ ಕಳುವಾದ ಕಾರು, ಕಾಣೆಯಾದ ಗಂಡಂದಿರನ್ನು ಹುಡುಕಿಕೊಟ್ಟವರಿಗೆ ಈ ಸಲ ಸಿಕ್ಕಿದ್ದು ಸ್ವಂತ ಅಳಿಯನ ಕೇಸು.

ಮೊನ್ನೆ ಮಧ್ಯಾಹ್ನ ಸಭಾಂಗಣದ ಸೀಲಿಂಗು ಸೀಟುಗಳ ಮೇಲೆ ಕಳಚಿ ಬಿದ್ದು, ಕೆಳಗಿದ್ದ ವಾಚ್‌ಮನ್ ತಾತ ಆಸ್ಪತ್ರೆ ಸೇರಿದ್ದ. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಸೀಲಿಂಗನ್ನು ಹಿಡಿದಿದ್ದ ಕಬ್ಬಿಣದ ಕಂಬಿಗಳನ್ನು ಯಾರೋ ತುಂಡರಿಸಿದ್ದರು. ಅವಶೇಷದಡಿ ಸಿಕ್ಕಿದ್ದು ಎಲೆಕ್ಟ್ರಿಕಲ್ ಗುತ್ತಿಗೆದಾರನ ಕಟ್ಟರ್. ಆ ಗುತ್ತಿಗೆದಾರನೇ ಅಳಿಯ.

ಇವತ್ತು ಮಧ್ಯಾಹ್ನವೇ ವಿಚಾರಣೆ. ಲೈಸೆನ್ಸ್ ಕಚೇರಿಯ ಸಾಹೇಬರು ಅಳಿಯನ ಲೈಸೆನ್ಸ್ ರದ್ದು ಮಾಡಿದರೆ, ಗೇಟಿನ ಹೊರಗೆ ಜೀಪಿನಲ್ಲಿ ಕೂತಿದ್ದ ಪೊಲೀಸರು ಒಳಗೆ ಬರುತ್ತಾರೆ. ಗುತ್ತಿಗೆ ಯಾರದ್ದೋ, ಕುತ್ತಿಗೆ ಮಾತ್ರ ಅಳಿಯನದು.

"ಅಳಿಯಂದ್ರೇ," ಎಂದು ಕರೆದರು ಪತ್ತೆಯತ್ತೆ.

ಮೂಲೆಯಲ್ಲಿ ಏಣಿಗೆ ಒರಗಿ ನಿಂತಿದ್ದ ಅಳಿಯ ನೆಟ್ಟಗಾದ. "ಹೇಳಿ ಅತ್ತೆ."

"ಮೊನ್ನೆ ಸೀಲಿಂಗ್ ಬಿದ್ದಾಗ ನೀವೆಲ್ಲಿದ್ರಿ ಅಂತ ಇನ್ನೊಂದು ಸಲ ಹೇಳಿಬಿಡಿ."

"ಅಂಗಡಿಗೆ ಹೋಗಿದ್ದೆ ಅತ್ತೆ."

"ಏನು ತರೋಕೆ?"

"ಅದೇ... ಸಾಮಾನು."

ಬೇರೆ ಯಾರಾದರೂ ಹೀಗೆ ಉತ್ತರಿಸಿದ್ದರೆ ಪತ್ತೆಯತ್ತೆ ಅವರನ್ನು ಅಲ್ಲೇ ಹಿಂಡಿ ಒಣಗಹಾಕುತ್ತಿದ್ದರು. ಅಳಿಯ ಎಂಬ ಪ್ರಾಣಿಯನ್ನು ಹಾಗೆಲ್ಲ ಹಿಂಡಲಾಗದು. ಬಹುವಚನ ಕೊಟ್ಟೇ ಬೈಯಬೇಕು. ಬೈದದ್ದು ಅವನಿಗೆ ಗೊತ್ತಾಗಬಾರದು, ಮಗಳಿಗಂತೂ ಗೊತ್ತಾಗಲೇಬಾರದು.

"ಏಣಿ ಹಿಡ್ಕೊಳ್ಳಿ," ಎಂದು ಸೆರಗು ಸಿಕ್ಕಿಸಿ ಹತ್ತಿದರು.

"ಮೇಡಂ, ಆ ಎತ್ತರಕ್ಕೆ ಹೋಗೋಕೆ..." ಸಾಹುಕಾರರು ಬಾಯಿ ತೆರೆದರು.

"ಲೈಸೆನ್ಸ್ ಬೇಕಾ? ಬಿದ್ರೆ ನನ್ನನ್ನ ಎತ್ತಬೇಡಿ. ನಿಮ್ಮ ಲೈಸೆನ್ಸಿಗೆ ಬರಲ್ಲ."

ಮೇಲೆ, ಹರಿದ ಸೀಲಿಂಗಿನ ತೂತಿನೊಳಗೆ ತಲೆ ಹಾಕಿ ಟಾರ್ಚ್ ಬಿಟ್ಟರು. ಧೂಳು, ವೈರು, ಹೊಟ್ಟೆ ಉಬ್ಬಿಸಿಕೊಂಡು ಮಲಗಿದ ತಗಡಿನ ಡಕ್ಟು. ತುಂಡಾದ ಕಂಬಿಯೊಂದರ ತುದಿಯನ್ನು ಬೆರಳಿನಿಂದ ಸವರಿದರು. ಮಟ್ಟಸವಾಗಿತ್ತು. ನುಣ್ಣಗೆ, ಹೊಳೆಯುತ್ತಿತ್ತು. ಕಟ್ಟರ್ ಹಾಕಿ ಕತ್ತರಿಸಿದರೆ ತುದಿ ಚಿವುಟಿದ ಹಾಗೆ ಚೂಪಾಗುತ್ತದೆ. ಇದು ಗರಗಸದ ಕೆಲಸ. ಯಾರೋ ಕೂತು, ಪುರುಸೊತ್ತಿನಲ್ಲಿ, ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದಿದ್ದಾರೆ.

ಆದರೆ ಅದಕ್ಕಿಂತ ಹೆಚ್ಚು ಅವರನ್ನು ಕಂಗೆಡಿಸಿದ್ದು ಕಂಬಿಯ ಇನ್ನೊಂದು ತುದಿ. ಅದು ಮೇಲಿನ ಕಾಂಕ್ರೀಟಿಗೆ ಹೋಗಿ ಸೇರಿರಲಿಲ್ಲ. ಡಕ್ಟಿನ ಪಟ್ಟಿಗೆ ಕೊಕ್ಕೆ ಹಾಕಿಕೊಂಡಿತ್ತು. ಟಾರ್ಚನ್ನು ಇತ್ತ ತಿರುಗಿಸಿದರು, ಅತ್ತ ತಿರುಗಿಸಿದರು. ಎಲ್ಲ ಕಂಬಿಗಳದ್ದೂ ಅದೇ ಕಥೆ. ಇಷ್ಟು ದೊಡ್ಡ ಸಭಾಂಗಣದ ಇಡೀ ಸೀಲಿಂಗು, ಬಸ್ಸಿನಲ್ಲಿ ಪಕ್ಕದವನ ಅಂಗಿ ಹಿಡಿದು ನಿಂತವನ ಹಾಗೆ, ಎಸಿ ಡಕ್ಟನ್ನು ಹಿಡಿದು ತೂಗುತ್ತಿತ್ತು!

ಪತ್ತೆಯತ್ತೆ ಇಳಿದರು. ಕೂದಲ ಮೇಲಿನ ಧೂಳನ್ನೂ ಕೊಡವಲಿಲ್ಲ.

"ಸಾಹುಕಾರ್ರೇ, ಸೀಲಿಂಗನ್ನ ಡಕ್ಟಿಗೆ ನೇತು ಹಾಕಿದೀರಲ್ಲ?"

"ಇನ್ನೆಲ್ಲಿಗೆ ಹಾಕ್ಲಿ?"

"ಕಾಂಕ್ರೀಟಿಗೆ ತೂತು ಹೊಡೆದು ಹಾಕಬೇಕಪ್ಪ!"

ಸಾಹುಕಾರರು ಕೆನ್ನೆಗೆ ಕೈ ಇಟ್ಟರು. "ಕಾಂಕ್ರೀಟಿಗೆ ತೂತು ಹೊಡೆಯೋ ಲೈಸೆನ್ಸು ಬೇರೆ ಮೇಡಂ. ನನಗೆ ಬರೀ ನೇತು ಹಾಕೋ ಲೈಸೆನ್ಸು. ತೂತಿನವನು ಬರ್ತೀನಿ ಬರ್ತೀನಿ ಅಂತ ಬರಲೇ ಇಲ್ಲ. ಗಾಳಿಯಣ್ಣನ ಡಕ್ಟ್ ಆಗಲೇ ನೇತಾಡ್ತಿತ್ತು. ಎಲ್ಲ ಕಡೆ ಹೀಗೇ ಮಾಡ್ತಾರೆ."

"ಗಾಳಿಯಣ್ಣ, ನೀನು ಬೇಡ ಅನ್ಲಿಲ್ವಾ?"

"ನನ್ನ ಡಕ್ಟಿಂದ ಕೆಳಗೆ ಏನು ನೇತಾಡುತ್ತೆ ಅಂತ ನೋಡೋದು ನನ್ನ ಲೈಸೆನ್ಸಲ್ಲಿಲ್ಲ ಅಮ್ಮ. ಭಾರಕ್ಕೆ ಡಕ್ಟ್ ಜಗ್ತಿತ್ತು, ಅದು ಮಾತ್ರ ನಂದು."

ಪತ್ತೆಯತ್ತೆಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಚಚ್ಚಿಕೊಂಡರೆ ಗಾರೆಯವನ ಲೈಸೆನ್ಸಿಗೆ ಧಕ್ಕೆಯಾಗುತ್ತದೆಂದು ಸುಮ್ಮನಾದರು.

ಲೈಸೆನ್ಸ್ ಸಾಹೇಬರು ಸಭಾಂಗಣದ ಮುಂದಿನ ಗಾಜಿನ ಪಡಸಾಲೆಯಲ್ಲಿ ಮೇಜು ಹಾಕಿಸಿಕೊಂಡು ಬೆವರುತ್ತಿದ್ದರು. ಎದುರಿನ ಬೆಂಚಿನಲ್ಲಿ ಮಗಳು ಕೂತಿದ್ದಳು, ಗಂಡನ ಪರವಾಗಿ ಏನಾದರೂ ಹೇಳಲು ಬಿಟ್ಟಾರೇನೋ ಎಂದು.

"ಅಮ್ಮ, ಏನಾದ್ರೂ ಸಿಕ್ತಾ?"

"ಸಿಕ್ಕಿದ್ದೆಲ್ಲ ಬೇರೆಯವರ ಲೈಸೆನ್ಸಿಗೆ ಸೇರಿದ್ದು ಕಣೆ. ನಿನ್ನ ಯಜಮಾನ್ರು ಮನೇಲಿ ಏನಾದ್ರೂ ಬಾಯಿ ಬಿಟ್ರಾ?"

"ಎಲ್ಲಿ ಬಿಡ್ತಾರೆ! ರಾತ್ರಿಯೆಲ್ಲ ಸೂರು ನೋಡ್ತಾ ಮಲಗಿರ್ತಾರೆ. ಕೇಳಿದ್ರೆ, 'ನಮ್ಮನೇದು ಗಟ್ಟಿ ಇದೆ ಅಲ್ವಾ' ಅಂತಾರೆ. ಅಮ್ಮ, ಲೈಸೆನ್ಸ್ ಹೋದ್ರೆ ಇವರಿಗೆ ಬೇರೆ ಏನೂ ಗೊತ್ತಿಲ್ಲ. ಬಲ್ಬ್ ಹಾಕೋದು ಬಿಟ್ರೆ ಒಂದು ಮೊಳೆ ಹೊಡೆಯೋಕೆ ಬರಲ್ಲ."

"ಗೊತ್ತು. ಮದುವೇಲೇ ನೋಡಿದೀನಿ," ಎಂದು ಪತ್ತೆಯತ್ತೆ ಸಾಹೇಬರ ಕಡೆ ತಿರುಗಿದರು. "ಸಾರ್, ಈ ಸೀಲಿಂಗ್ ಸಾಹುಕಾರ್ರಿಗೆ ಸೀಲಿಂಗ್ ಬಗ್ಗೆ ಏನೂ ಗೊತ್ತಿಲ್ಲ. ಇವರಿಗೆ ಯಾರು ಲೈಸೆನ್ಸ್ ಕೊಟ್ಟೋರು?"

"ನಾವೇ," ಎಂದರು ಸಾಹೇಬರು ಹೆಮ್ಮೆಯಿಂದ. "ಸಾಹುಕಾರ್ರಿಗೆ ಗೊತ್ತಿರಬೇಕಾಗಿಲ್ಲಮ್ಮ. ಲೈಸೆನ್ಸು ಕಂಪನಿಗೆ. ಪರೀಕ್ಷೆ ಬರೆಯೋಕೆ ಕಂಪನಿಗೆ ಕೈ ಇದೆಯಾ? ಅದಕ್ಕೇ ಕಂಪನಿ ಪರವಾಗಿ ಕೆಲಸ ಬಲ್ಲ ಒಬ್ಬ ಪಾಸು ಮಾಡಬೇಕು. ಅವನಿಗೆ ಅರ್ಹ ವ್ಯಕ್ತಿ ಅಂತೀವಿ. ಲೈಸೆನ್ಸು ನಿಂತಿರೋದೇ ಅವನ ಹೆಸರಿನ ಮೇಲೆ. ಕೆಲಸ ನಡೆಯೋವಾಗ ಅವನು ಸೈಟಲ್ಲಿ ಇರಲೇಬೇಕು. ಇಲ್ಲದಿದ್ರೆ ರದ್ದು."

"ಸೈಟಲ್ಲಿ ಏನು ಮಾಡ್ತಾ ಇರಬೇಕು?"

"ಇರಬೇಕು. ಅಷ್ಟೇ. ಏನು ಮಾಡ್ತಾ ಅಂತ ನಿಯಮ ಕೇಳಲ್ಲ."

"ಸಾಹುಕಾರ್ರ ಅರ್ಹ ವ್ಯಕ್ತಿ ಯಾರು ಸಾರ್?"

"ಅದನ್ನ ಹೇಳೋಕಾಗಲ್ಲ. ವಿಚಾರಣೆ ಇರೋದು ನಿಮ್ಮ ಅಳಿಯನ ಮೇಲೆ. ಸಾಹುಕಾರ್ರ ಮೇಲಲ್ಲ."

"ಸೀಲಿಂಗ್ ಬಿದ್ದಿದೆ. ವಿಚಾರಣೆ ಕರೆಂಟಿನವನ ಮೇಲೆ!"

"ಸಿಕ್ಕಿದ್ದು ಅವನ ಕಟ್ಟರ್ ತಾನೆ? ಅವನು ಸೀಲಿಂಗ್ ಮುಟ್ಟಿದ್ದಾನೆ ಅಂತಾದ್ರೆ ಲೈಸೆನ್ಸ್ ಹೋಯ್ತು. ತನ್ನದಲ್ಲದ ಕೆಲಸಕ್ಕೆ ಕೈ ಹಾಕೋದು ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು."

"ಒಬ್ಬನ ಮೇಲೆ ಸೀಲಿಂಗ್ ಬೀಳಿಸೋದಕ್ಕಿಂತಲೂ?"

"ಅದು ಪೊಲೀಸರಿಗೆ ಬರುತ್ತೆ," ಎಂದು ಸಾಹೇಬರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. ಪರವಾನಗಿ ಇದ್ದರೆ ಏನಾದರೂ ಪರವಾಗಿಲ್ಲ ಎಂಬುದು ಅವರ ಮುಖದಲ್ಲೇ ಅಚ್ಚಾಗಿತ್ತು. ನಿಯಮದೊಳಗೇ ಯಮನಿದ್ದಾನೆಂದು ಪತ್ತೆಯತ್ತೆಗೆ ಆಗ ಹೊಳೆಯಿತು.

ಅವರು ನೆಟ್ಟಗೆ ಗೇಟಿನ ಪಕ್ಕದ ವಾಚ್‌ಮನ್ ಕೋಣೆಗೆ ನಡೆದರು. ಅಳಿಯ ಕರೆಯದೆಯೇ ಹಿಂದೆ ಬಂದ. ಬಂದವನು ಬಾಗಿಲಲ್ಲೇ ನಿಂತ.

ಒಬ್ಬರು ಕಾಲು ಚಾಚಿದರೆ ಇನ್ನೊಬ್ಬರು ಹೊರಗೆ ಹೋಗಬೇಕಾದಷ್ಟು ಕೋಣೆ. ಮಂಚ, ಮೊಳೆಗೆ ನೇತು ಹಾಕಿದ ಯೂನಿಫಾರ್ಮ್ ಅಂಗಿ, ಸೀಟಿ, ಬೀಗದ ಗೊಂಚಲು. ಪತ್ತೆಯತ್ತೆ ಮಂಚದ ಮೇಲೆ ಕೂತು ಒಂದು ನಿಟ್ಟುಸಿರು ಬಿಡಲು ಮುಖ ಮೇಲೆತ್ತಿದರು. ನಿಟ್ಟುಸಿರು ಅರ್ಧಕ್ಕೇ ನಿಂತಿತು.

ಕೋಣೆಗೆ ಸೀಲಿಂಗಿತ್ತು! ಎಂಥ ಸೀಲಿಂಗು! ಬೋರ್ಡಿಗೂ ಬೋರ್ಡಿಗೂ ನಡುವೆ ಜಾಯಿಂಟು ಎಲ್ಲಿದೆಯೆಂದು ಕಣ್ಣಿಗೆ ಕಾಣುತ್ತಿರಲಿಲ್ಲ. ಗೋಡೆ ಸೇರುವ ಕಡೆ ಸಣ್ಣದೊಂದು ಅಂಚು, ಕಾಗದ ಮಡಿಸಿದಷ್ಟು ಚೂಪು. ನಡುವೆ ಬಲ್ಬಿನ ಸುತ್ತ ಒಂದು ವೃತ್ತ, ಬಳೆ ಇಟ್ಟು ಗೀಚಿದ ಹಾಗೆ. ಒಳಗೆ ಕೋಟಿ ಸುರಿದ ಸಭಾಂಗಣದಲ್ಲಿ ಇಲ್ಲದ ಅಂದ, ವಾಚ್‌ಮನ್ನಿನ ಗೂಡಿನಲ್ಲಿತ್ತು.

ಪತ್ತೆಯತ್ತೆ ಮಂಚದ ಕೆಳಗೆ ಕೈ ಹಾಕಿದರು. ಚಪ್ಪಲಿ. ಹಳೇ ಡಬ್ಬ. ಆಮೇಲೆ, ಬಟ್ಟೆಯಲ್ಲಿ ಸುತ್ತಿದ ಒಂದು ಹ್ಯಾಕ್ಸಾ. ಅದರ ಹಲ್ಲುಗಳ ನಡುವೆ ಹೊಳೆಯುವ ಕಬ್ಬಿಣದ ಪುಡಿ.

"ಅಳಿಯಂದ್ರೇ, ಹೋಗಿ ಸಾಹುಕಾರ್ರನ್ನ ಕರ್ಕೊಂಡು ಬನ್ನಿ. ಬರಲ್ಲ ಅಂದ್ರೆ, ಈ ಕೋಣೆ ಸೀಲಿಂಗ್ ಬೀಳ್ತಾ ಇದೆ, ಬಿದ್ದ ಮೇಲೆ ನಿಮ್ಮದಲ್ಲ, ಮುಂಚೆ ಬನ್ನಿ ಅನ್ನಿ."

ಸಾಹುಕಾರರು ಓಡಿಯೇ ಬಂದರು. ಮೇಲೆ ನೋಡಿ, "ಎಲ್ಲಿ? ಗಟ್ಟಿಯಾಗಿದೆಯಲ್ಲ!" ಎಂದರು.

"ಇರುತ್ತೆ. ಮಾಡಿದವರು ಕೆಲಸ ಬಲ್ಲವರು. ಯಾರು ಮಾಡಿದ್ದು ಸಾಹುಕಾರ್ರೇ?"

"ಅದು... ತಾತನೇ ಏನೋ ಹೊತ್ತು ಹೋಗಲಿ ಅಂತ..."

"ವಾಚ್‌ಮನ್‌ಗಳು ಹೊತ್ತು ಹೋಗಲಿ ಅಂತ ರೇಡಿಯೋ ಕೇಳ್ತಾರೆ. ಜಿಪ್ಸಂ ಬೋರ್ಡ್ ಕೂರಿಸಲ್ಲ. ನಿಮ್ಮ ಅರ್ಹ ವ್ಯಕ್ತಿ ಯಾರು?"

ಸಾಹುಕಾರರು ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡರು.

"ಪರೀಕ್ಷೆ ಪಾಸು ಮಾಡಿರೋದು ವಾಚ್‌ಮನ್ ತಾತ. ಹೌದೋ ಅಲ್ವೋ?"

"ಹೌದು," ಎಂದರು ಸಾಹುಕಾರರು, ಬಿಗುಮಾನ ಬಿಡದೆ. "ತಪ್ಪೇನಿದೆ ಅದರಲ್ಲಿ? ಅರ್ಹ ವ್ಯಕ್ತಿ ಸದಾ ಸೈಟಲ್ಲಿ ಇರಬೇಕು ಅಂತ ರೂಲ್ಸು. ವಾಚ್‌ಮನ್‌ಗಿಂತ ಸೈಟಲ್ಲಿ ಇರೋರು ಯಾರು ಹೇಳಿ? ತಪಾಸಣೆಗೆ ಯಾವಾಗ ಬಂದ್ರೂ ಗೇಟು ತೆಗೆಯೋನೇ ಅವನು!"

ಪತ್ತೆಯತ್ತೆ ಮೇಲಿನ ಸೀಲಿಂಗಿನತ್ತ ಬೆರಳು ಮಾಡಿದರು. "ಸೀಲಿಂಗ್ ಮಾಡೋಕೆ ಬರೋನನ್ನ ಗೇಟಲ್ಲಿ ನಿಲ್ಲಿಸಿ, ಬರದೇ ಇರೋರ ಕೈಲಿ ಸೀಲಿಂಗ್ ಹಾಕಿಸಿದ್ರಾ?"

"ಅವನು ನಿಧಾನ ಮೇಡಂ. ತೂತಿನವನು ಬರಲಿ, ಕಾಂಕ್ರೀಟಿಗೇ ಹಾಕೋಣ ಅಂತಾನೆ. ನನ್ನ ಹೆಸರಲ್ಲಿ ಇಂಥದ್ದು ನಿಲ್ಲಬಾರದು, ಬಿಚ್ಚಿಸಿ ಅಂತ ದಿನಾ ರಗಳೆ. ಉದ್ಘಾಟನೆ ತಲೆ ಮೇಲಿದೆ, ಬಿಚ್ಚೋಕಾಗುತ್ತಾ?"

"ಅದಕ್ಕೇ ಮುಗಿಸೋಕೆ ಹೋದ್ರಿ."

"ಅಯ್ಯೋ!" ಸಾಹುಕಾರರು ನಿಜಕ್ಕೂ ಬೆದರಿದರು. "ತಾತನಿಗೆ ಏನಾದ್ರೂ ಆದ್ರೆ ನನ್ನ ಲೈಸೆನ್ಸೇ ಸತ್ತ ಹಾಗೆ ಮೇಡಂ! ಮೊನ್ನೆಯಿಂದ ನನ್ನ ಸೈಟೆಲ್ಲಾ ಬಂದ್. ಆಸ್ಪತ್ರೆಯವರನ್ನ ಕೇಳಿ, ನಾನು ಕೂತಷ್ಟು ಹೊತ್ತು ಅವನ ಸ್ವಂತ ಮಕ್ಕಳೂ ಕೂತಿಲ್ಲ. ಅವನನ್ನ ಮಂಚದ ಸಮೇತ ಸೈಟಿಗೆ ತಂದು ಮಲಗಿಸಬಹುದಾ ಅಂತಲೂ ವಿಚಾರಿಸಿದೆ."

ಸುಳ್ಳು ಇಷ್ಟು ನಾಚಿಕೆಗೇಡಿಯಾಗಿರುವುದಿಲ್ಲ. ಪತ್ತೆಯತ್ತೆ ಅವರನ್ನು ನಂಬಿದರು. ನಂಬಿದ್ದಕ್ಕೆ ಸಿಟ್ಟು ಇನ್ನಷ್ಟು ಏರಿತು.

"ಹೋಗಿ ಇನ್ನು. ಸಾಹೇಬ್ರ ಮುಂದೆ ಇದನ್ನೇ ಹೇಳಬೇಕು."

"ಹೇಳಿದ್ರೆ ನನ್ನ ಲೈಸೆನ್ಸು..."

"ಹೋಗ್ರೀ!"

ಸಾಹುಕಾರರು ಹೋದರು. ಪತ್ತೆಯತ್ತೆ ಹ್ಯಾಕ್ಸಾವನ್ನು ಮಡಿಲಲ್ಲಿ ಇಟ್ಟುಕೊಂಡು ಅಳಿಯನತ್ತ ನೋಡಿದರು. ಎರಡು ದಿನಗಳಲ್ಲಿ ಮೊದಲ ಬಾರಿಗೆ ಅವರ ಮುಖ ಸಡಿಲವಾಗಿತ್ತು.

"ನೀವು ಬಚಾವಾದ್ರಿ ಅಳಿಯಂದ್ರೇ. ಕೊಯ್ದಿದ್ದು ತಾತನೇ. ತುಂಬಿದ ಸಭೆ ಮೇಲೆ ಬೀಳೋದಕ್ಕಿಂತ ಖಾಲಿ ಇರೋವಾಗಲೇ ಬೀಳಿಸಿಬಿಡೋಣ ಅಂತ ಹೊರಟಿದಾನೆ. ಪಾಪ, ಕೆಳಗಿಂದ ತಪ್ಪಿಸ್ಕೊಳ್ಳೋಕೆ ಆಗಿಲ್ಲ. ಇಷ್ಟು ಹೇಳಿದ್ರೆ ಸಾಕು, ಪೊಲೀಸರು ಜೀಪ್ ತಿರುಗಿಸ್ಕೊಂಡು ಹೋಗ್ತಾರೆ."

ಅಳಿಯ ಖುಷಿಪಡಲಿಲ್ಲ. ಬಾಗಿಲ ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆಯತೊಡಗಿದ.

"ಏನ್ರೀ?" ಎಂದರು ಪತ್ತೆಯತ್ತೆ.

"ಅಷ್ಟೆತ್ತರದ ಏಣೀನ ತಾತ ಒಬ್ಬನೇ ಹತ್ತೋಕಾಗಲ್ಲ ಅತ್ತೆ. ಕೆಳಗೆ ಯಾರಾದ್ರೂ ಹಿಡ್ಕೋಬೇಕು."

ಬಹುವಚನ ಪತ್ತೆಯತ್ತೆಯ ಗಂಟಲಿನಲ್ಲೇ ಉಳಿಯಿತು. "ಹಿಡಿದಿದ್ದು ಯಾರು?"

"ನಾನೇ."

"ಅಂಗಡಿಗೆ ಹೋಗಿದ್ದೆ ಅಂದೆ!"

"ಹಗ್ಗ ತರೋಕೆ ಅತ್ತೆ. ಕೊಯ್ದಾದ ಮೇಲೆ. ಕಂಬಿನ ಪೂರ್ತಿ ಕೊಯ್ಯಲಿಲ್ಲ, ಎಳೆಯಷ್ಟು ಉಳಿಸಿದ್ವಿ. ಹಗ್ಗ ಕಟ್ಟಿ ದೂರದಿಂದ ಎಳೆದುಬಿಡೋಣ ಅಂತ ತಾತ ಹೇಳಿದ್ರು. ನನ್ನ ಕಟ್ಟರ್ ತಗೊಂಡು ಹೋಗಿದ್ವಿ, ಅದು ಒಂದೇ ಸಲಕ್ಕೆ ಪೂರ್ತಿ ತುಂಡು ಮಾಡುತ್ತೆ ಅಂತ ತಾತ ಹ್ಯಾಕ್ಸಾ ತಂದ್ರು. ಎಸಿ ಶುರುವಾದ್ರೆ ಡಕ್ಟ್ ನಡುಗುತ್ತೆ, ಅಷ್ಟು ಸಾಕು ಕಂಬಿ ಹರಿಯೋಕೆ, ಅದಕ್ಕೇ ನಾನೇ ಮೇನ್ ಆಫ್ ಮಾಡಿದ್ದೆ."

"ಇದನ್ನ ಮೊನ್ನೇನೇ ಬೊಗಳೋಕೆ ಏನಾಗಿತ್ತು?"

"ಸೀಲಿಂಗ್ ಮುಟ್ಟಿದೆ ಅಂತ ಒಪ್ಕೊಂಡ್ರೆ ಲೈಸೆನ್ಸ್ ಹೋಗುತ್ತಲ್ಲ ಅತ್ತೆ. ತಾತ ಕಣ್ಣು ಬಿಟ್ಟು ಏನಾದ್ರೂ ಹೇಳ್ತಾರೇನೋ ಅಂತ ಕಾಯ್ತಿದ್ದೆ."

ಹೇಳದಿದ್ದರೆ ಜೈಲು, ಹೇಳಿದರೆ ಲೈಸೆನ್ಸು ಖಾಲಿ. ಇಂಥ ಅಳಿಯನನ್ನು ಹುಡುಕಿ ತಂದದ್ದು ತಾವೇ ಎಂಬುದೂ ಪತ್ತೆಯತ್ತೆಗೆ ಅದೇ ಗಳಿಗೆಯಲ್ಲಿ ನೆನಪಾಗಬೇಕೇ? ಅವರು ಎದ್ದು ನಿಂತರು.

"ಸರಿ. ಆಗಿದ್ದಾಯ್ತು. ತಾತನ ಜೀವ ತೆಗೆಯೋ ಉದ್ದೇಶ ಇರಲಿಲ್ಲ ಅಂತಾದ್ರೂ..."

"ಅತ್ತೆ," ಅಳಿಯ ತಡೆದ. ಅವನ ದನಿ ಬದಲಾಗಿತ್ತು. "ನಾವು ಕೊಯ್ದಿದ್ದು ಸೀಟಿನ ಮೇಲಿಂದಲ್ಲ."

"ಮತ್ತೆ?"

"ವೇದಿಕೆ ಮೇಲಿಂದು. ನಾವು ಸೀಟಿನ ಕಡೆ ಹೋಗೇ ಇಲ್ಲ. ನಾನು ಹಗ್ಗ ತಗೊಂಡು ಬರೋದ್ರಲ್ಲಿ ಸೀಟಿನ ಮೇಲಿಂದು ಬಿದ್ದು, ಅಲ್ಲಿ ಕಾಯ್ತಿದ್ದ ತಾತ ಅಡಿಗೆ ಸಿಕ್ಕಿದ್ರು. ನನ್ನ ಕಟ್ಟರ್ ಅವರ ಕೈಲೇ ಇತ್ತು. ಅಲ್ಲಿ ಕಂಬಿ ಕೊಯ್ದೋರು ಯಾರೋ ನನಗೆ ಗೊತ್ತಿಲ್ಲ."

ಪತ್ತೆಯತ್ತೆಗೆ ತಾವು ಬೆರಳಿನಿಂದ ಸವರಿದ ಆ ನುಣುಪು ತುದಿ ಮತ್ತೆ ಬೆರಳಿಗೆ ತಗುಲಿದಂತಾಯಿತು. ಆ ಸಭಾಂಗಣದಲ್ಲಿ ಇನ್ನೊಂದು ಗರಗಸ ಇತ್ತು. ಅದನ್ನು ಹಿಡಿದ ಇನ್ನೊಂದು ಕೈ ಇತ್ತು.

"ಹಾಗಾದ್ರೆ ವೇದಿಕೆ ಮೇಲಿಂದು..."

"ಇನ್ನೂ ಹಾಗೇ ಇದೆ. ಎಳೆ ಮೇಲೆ ನಿಂತಿದೆ."

"ಅದನ್ನ ಹಾಗೇ ಬಿಟ್ಟು ಎರಡು ದಿನ ತಿರುಗಾಡಿದ್ಯಾ?"

"ಯಾರೂ ಹೋಗದ ಹಾಗೆ ಮಾಡಿದೀನಿ ಅತ್ತೆ. 'ಹಸಿ ಬಣ್ಣ' ಅಂತ ಬೋರ್ಡ್ ಬರೆದು ಮೆಟ್ಟಿಲಿಗೆ ಅಡ್ಡ ಕಟ್ಟಿದೀನಿ."

ಕಿಟಕಿಯಲ್ಲಿ ನೆರಳಾಡಿತು. ಗಾಳಿಯಣ್ಣ ಇಣುಕಿದ, ಮುಖದಲ್ಲಿ ದೊಡ್ಡ ಉಪಕಾರ ಮಾಡಿದವನ ಕಳೆ.

"ಬನ್ನಿ ಅಮ್ಮ, ವಿಚಾರಣೆ ಶುರುವಾಗುತ್ತೆ. ಪಡಸಾಲೇಲಿ ಸಾಹೇಬ್ರಿಗೆ ಸೆಕೆ ತಡೆಯೋಕಾಗಲಿಲ್ಲ, ಒಳಗೆ ವೇದಿಕೆ ಮೇಲೇ ಕುರ್ಚಿ ಹಾಕ್ಸಿದೀನಿ. ನಿಮ್ಮ ಮಗಳೂ ಅಲ್ಲೇ ಕೂತಿದಾರೆ. ಯಾರೋ ಹಸಿ ಬಣ್ಣ ಅಂತ ಬೋರ್ಡ್ ಕಟ್ಟಿದ್ರು, ಮುಟ್ಟಿ ನೋಡಿದ್ರೆ ಬಣ್ಣಾನೇ ಇಲ್ಲ, ಕಿತ್ತು ಬಿಸಾಕಿದೆ."

ಅಳಿಯ ಆಗಲೇ ಓಡತೊಡಗಿದ್ದ. ಪತ್ತೆಯತ್ತೆ ಕಿಟಕಿಯ ಸರಳಿನ ನಡುವಿನಿಂದ ಗಾಳಿಯಣ್ಣನ ಅಂಗಿಯ ಕಾಲರಿಗೆ ಕೈ ಹಾಕಿದರು.

"ಎಸಿ ಹಾಕಿದ್ಯಾ?"

"ಮತ್ತೆ? ಸೆಕೆ ಅಂದ್ರಲ್ಲ, ಮೇನ್ ಆಫಾಗಿತ್ತು, ನಾನೇ ಆನ್ ಮಾಡ್ದೆ," ಎಂದ ಗಾಳಿಯಣ್ಣ, ಕತ್ತು ಓರೆ ಮಾಡಿಕೊಂಡೇ. "ಶುರುವಾಗೋಕೆ ಸ್ವಲ್ಪ ಹೊತ್ತು ತಗೊಳ್ಳುತ್ತೆ."

ಅವನ ಅಂಗಿಯ ತೋಳಿನ ಮಡಿಕೆಯಲ್ಲಿ ಹೊಳೆಯುವ ಕಬ್ಬಿಣದ ಪುಡಿ ಪತ್ತೆಯತ್ತೆಯ ಕಣ್ಣಿಗೆ ಬಿದ್ದದ್ದೂ, ಸಭಾಂಗಣದ ಗೋಡೆಯೊಳಗೆಲ್ಲೋ ಗುಂಯ್ ಎಂದು ಗಾಳಿ ಹೊರಟದ್ದೂ ಒಂದೇ ಕ್ಷಣದಲ್ಲಿ.